ಐಚ್ಛಿಕ ವಿಷಯಗಳೂ ಕೈಗೆಲಸವೂ

ಪ್ರಥಮ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಗಳು ನಮ್ಮ ಪ್ರಯೋಗಶಾಲೆಗೆ ಬಂದ ಮೊದಲನೆಯ ದಿನ ನಾವು ಅವರಿಗೆ ಒಂದು ಸಣ್ಣ ಲೆಕ್ಕವನ್ನು ಕೊಡುವುದುಂಟು. 60 ಸೆಂಟಿಮೀಟರ್ ಉದ್ದದ ಹಲಗೆಯೊಂದನ್ನು ಗರಗಸದಿಂದ ಕೊಯ್ದು ಆರು ಸಮನಾದ ತುಂಡುಗಳನ್ನು ಮಾಡಿದರೆ ಒಂದೊಂದರ ಉದ್ದವೆಷ್ಟು? ಎಲ್ಲರೂ ನಗುತ್ತ 10 ಸೆಂಟಿಮೀಟರ್ ಎನ್ನುತ್ತಾರೆ. ಒಂದು ವರ್ಷ ಮಾತ್ರ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, "ಅಷ್ಟು ಬರುವುದಿಲ್ಲ ಸಾರ್, ಗರಗಸ ಸ್ವಲ್ಪ ತಿನ್ನುತ್ತದೆ" ಎಂದನು. ಅವನ ಮಾತು ಸರಿ. ಗರಗಸದ ಹಲ್ಲುಗಳನ್ನು ಒಂದನ್ನು ಎಡಕ್ಕೂ ಮುಂದಿನದನ್ನು ಬಲಕ್ಕೂ ಕೊಂಚ ಬಾಗಿಸಿರುತ್ತಾರೆ. ಹಾಗೆ ಮಾಡದಿದ್ದರೆ ಅಲಗು ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಕೊಯ್ತದ ಅಗಲವು ಅಲಗಿನ ದಪ್ಪಕ್ಕಿಂತ ಹೆಚ್ಚು. ಒಂದು ಕೊಯ್ತಕ್ಕೆ 2 ಮಿಲಿಮೀಟರ್ ಎಂದಿಟ್ಟುಕೊಂಡರೂ ಐದು ಕೊಯ್ತಗಳಲ್ಲಿ 1 ಸೆಂಟಿಮೀಟರ್ ಮರ ಹೊಟ್ಟಾಗಿ ಹೋಗುತ್ತದೆ. ಉಳಿದುದನ್ನು ಹಂಚಿದರೆ ತುಂಡಿಗೆ ಬರುವುದು 9.8 ಸೆಂಟಿಮೀಟರಿಗೆ ತುಸು ಹೆಚ್ಚು, ಅಷ್ಟೆ.

ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆವು. ತಂದೆಯವರು ಬಡಗಿ ಎಂದು ಅವನು ತಪ್ಪನ್ನು ಒಪ್ಪಿಕೊಳ್ಳುವವನಂತೆ ಮೆಲ್ಲಗೆ ಹೇಳಿದನು. ತರಗತಿಯಲ್ಲಿ ಸರಿಯುತ್ತರ ಕೊಟ್ಟವನು ಅವನೊಬ್ಬನೇ. ತಲೆ ತಗ್ಗಿಸಿದವನೂ ಅವನೊಬ್ಬನೇ. ಇದು ನಮ್ಮ ಶಾಲೆಗಳ ಮೇಲಿನ ಆಪಾದನೆಯಲ್ಲದೆ ಮತ್ತೇನು?

ಇಂತಹ ತಿಳಿವನ್ನು ಎಲ್ಲ ಮಕ್ಕಳಿಗೂ ಪ್ರೌಢಶಾಲೆಯಲ್ಲಿಯೇ ಕೊಡಬೇಕೆಂದು ನಮ್ಮ ದೇಶವು ಒಮ್ಮೆ ಸಂಕಲ್ಪಿಸಿತ್ತೆಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. 1952ರಲ್ಲಿ ಕೇಂದ್ರ ಸರ್ಕಾರವು ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ ಮಾಧ್ಯಮಿಕ ಶಿಕ್ಷಣ ಆಯೋಗವನ್ನು ನೇಮಿಸಿತು. 1953ರಲ್ಲಿ ಅದರ ವರದಿ ಬಂದಿತು. ಶಾಲೆಯು ಕೇವಲ ಕಾಲೇಜಿನ ಹೊಸ್ತಿಲಾಗಿರಬಾರದೆಂಬುದು ಅದರ ತಿರುಳು. ಮಾನವಿಕ ವಿಷಯಗಳು, ವಿಜ್ಞಾನ, ತಾಂತ್ರಿಕ ವಿಷಯಗಳು, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳನ್ನು ಮಾಡಿ, ವಿದ್ಯಾರ್ಥಿಯು ತನಗೊಪ್ಪಿದ ಒಂದು ಗುಂಪಿನಿಂದ ಮೂರು ಐಚ್ಛಿಕ ವಿಷಯಗಳನ್ನು ಆರಿಸಿಕೊಳ್ಳಲೆಂದು ಆಯೋಗವು ಸೂಚಿಸಿತು. ಇವೆಲ್ಲವನ್ನೂ ಒಂದೇ ಸೂರಿನಡಿ ಕಲಿಸುವ ಶಾಲೆಗೆ ಬಹೂದ್ದೇಶ ಶಾಲೆಯೆಂದು ಹೆಸರು.

ಆದರೆ ನಮಗೆ ಈ ಏಳು ಗುಂಪುಗಳಿಗಿಂತ ಮುಖ್ಯವಾಗಿ ತೋರುವುದು ವರದಿಯ ಇನ್ನೊಂದು ಅಂಶ. ಯಾವ ಗುಂಪಿನವರೇ ಆಗಲಿ, ಪ್ರತಿಯೊಬ್ಬರೂ ಒಂದು ಕೈಗಸಬನ್ನು ಕಲಿಯತಕ್ಕದ್ದೆಂದು ಆಯೋಗವು ಹೇಳಿತ್ತು. ನೂಲುವುದು ಮತ್ತು ನೇಯುವುದು, ಮರಗೆಲಸ, ಲೋಹದ ಕೆಲಸ, ತೋಟಗಾರಿಕೆ, ಹೊಲಿಗೆ, ಅಚ್ಚಿನ ಕೆಲಸ ಮೊದಲಾದವು ಆ ಪಟ್ಟಿಯಲ್ಲಿದ್ದವು. ಅಂದರೆ ಭೌತವಿಜ್ಞಾನವನ್ನು ಓದುವವನೂ ಉಳಿ ಹಿಡಿಯಬೇಕು, ಇತಿಹಾಸವನ್ನು ಓದುವವನೂ ಹಿಡಿಯಬೇಕು.

ನಡೆದದ್ದೇ ಬೇರೆ. ಎಲ್ಲರಿಗೂ ಎಂದಿದ್ದ ಕೈಗಸಬು ವೇಳಾಪಟ್ಟಿಯ ಮೂಲೆಗೆ ಸರಿಯಿತು. ಗುಂಪುಗಳೇ ಮುಂದೆ ಬಂದವು. ಕಾಲೇಜಿನ ಪ್ರವೇಶಕ್ಕೆ ಬೇಕಾದುದು ಗಣಿತ, ವಿಜ್ಞಾನ. ಜಾಣನೆನಿಸಿಕೊಂಡವನು ವಿಜ್ಞಾನಕ್ಕೆ ಹೋದನು, ಅಂಕ ಕಡಮೆ ಬಂದವನಿಗೆ ಕಾರ್ಯಾಗಾರವನ್ನು ತೋರಿಸಿದರು, ಹುಡುಗಿಯರಿಗೆ ಗೃಹವಿಜ್ಞಾನವನ್ನು ಮೀಸಲಿಟ್ಟರು. ಕಲಿಸಬಲ್ಲ ಉಪಾಧ್ಯಾಯರ ಕೊರತೆಯೂ ಇದ್ದಿತು. ಅದನ್ನು ನೀಗಲೆಂದು 1963ರಲ್ಲಿ ಅಜ್ಮೀರ, ಭೋಪಾಲ, ಭುವನೇಶ್ವರಗಳಲ್ಲಿಯೂ ನಮ್ಮ ಮೈಸೂರಿನಲ್ಲಿಯೂ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಸ್ಥಾಪಿತವಾದವು. ಮೈಸೂರಿನ ಸಂಸ್ಥೆಗೆ ಸೇರಿದ ಶಾಲೆಯ ಹೆಸರಿನಲ್ಲಿ 'ಬಹೂದ್ದೇಶ' ಎಂಬ ಮಾತು ಇಂದಿಗೂ ಉಳಿದಿದೆ. ಯೋಜನೆ ಮಾತ್ರ ಉಳಿಯಲಿಲ್ಲ. ಭೌತವಿಜ್ಞಾನಿ ಡಿ. ಎಸ್. ಕೊಠಾರಿಯವರು ಅಧ್ಯಕ್ಷರಾಗಿದ್ದ 1964-66ರ ಆಯೋಗವು, ಹತ್ತು ವರ್ಷಗಳವರೆಗೆ ಮಕ್ಕಳನ್ನು ಗುಂಪುಗಳಾಗಿ ಒಡೆಯುವುದೇ ಬೇಡವೆಂದೂ, ಎಲ್ಲರಿಗೂ ಕಾರ್ಯಾನುಭವವಿರಲೆಂದೂ ಹೇಳಿತು. ಮೊದಲನೆಯ ಮಾತು ಜಾರಿಗೆ ಬಂದಿತು. ಎರಡನೆಯದು ಬಹುಮಟ್ಟಿಗೆ ಕಾಗದದಲ್ಲಿಯೇ ನಿಂತಿತು.

ಕೈಗಸಬನ್ನು ಸಂಶಯದಿಂದ ಕಂಡವರ ಮಾತಿನಲ್ಲಿಯೂ ನ್ಯಾಯವಿದ್ದಿತೆಂಬುದನ್ನು ಇಲ್ಲಿ ಒಪ್ಪಲೇಬೇಕು. ಮುದಲಿಯಾರ್ ವರದಿ ಬಂದ 1953ರಲ್ಲಿಯೇ, ಮದರಾಸು ಪ್ರಾಂತದಲ್ಲಿ ರಾಜಾಜಿಯವರು ಪ್ರಾಥಮಿಕ ಶಾಲೆಯ ಹೊತ್ತನ್ನು ಅರ್ಧಕ್ಕಿಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆತನದ ಕಸುಬನ್ನು ಕಲಿಯಲೆಂಬ ಯೋಜನೆಯನ್ನು ತಂದರು. ಇದು ಕುಲಕಸುಬಿನ ಶಿಕ್ಷಣವೆಂದು ಜನ ಪ್ರತಿಭಟಿಸಿದರು. 1954ರಲ್ಲಿ ಕಾಮರಾಜರು ಅದನ್ನು ಕೈಬಿಟ್ಟರು. ಕೈಬಿಟ್ಟದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಬಡಗಿಯ ಮಗನಿಗೆ ಬಡಗಿತನ, ಗುಮಾಸ್ತೆಯ ಮಗನಿಗೆ ಬೀಜಗಣಿತ ಎಂದರೆ ಶಾಲೆಯಾದರೂ ಏತಕ್ಕೆ? ಆದರೆ ಗುಮಾಸ್ತೆಯ ಮಗನಿಗೂ ವೈದ್ಯರ ಮಗಳಿಗೂ ಬಡಗಿತನ ಎಂಬುದು ತೀರ ಬೇರೆಯ ಮಾತು. ಹಿಂದಿನ ಸಾಲಿನ ಆ ಹುಡುಗನ ತಲೆ ತಗ್ಗದೆ ಇರಬೇಕಾದರೆ ಇದೊಂದೇ ದಾರಿ.

ಇದು ವಿಜ್ಞಾನಕ್ಕೂ ಬೇಕು. ಹತ್ತು ಪಟ್ಟಿಗಳನ್ನು ಒಂದೇ ಉದ್ದಕ್ಕೆ ಕೊಯ್ಯಬೇಕಾದಾಗ ಹೊಸಬನು ಎರಡನೆಯದನ್ನು ಮೊದಲನೆಯದಕ್ಕೆ ಹಿಡಿದು, ಮೂರನೆಯದನ್ನು ಎರಡನೆಯದಕ್ಕೆ ಹಿಡಿದು ಗುರುತು ಹಾಕುತ್ತಾನೆ. ಪ್ರತಿ ಸಲವೂ ಸೀಸದ ಕಡ್ಡಿಯ ಗೆರೆ ಅರ್ಧ ಮಿಲಿಮೀಟರ್ ಹೊರಗೆ ಬಿದ್ದರೆ ಹತ್ತನೆಯ ಪಟ್ಟಿ ಮೊದಲನೆಯದಕ್ಕಿಂತ ನಾಲ್ಕೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಎಲ್ಲವನ್ನೂ ಮೊದಲನೆಯದಕ್ಕೇ ಹಿಡಿ ಎಂದು ಮೇಸ್ತ್ರಿ ಗದರುತ್ತಾನೆ. ಇದನ್ನೇ ನಾವು ಕಾಲೇಜಿನಲ್ಲಿ ಕ್ರಮಬದ್ಧ ದೋಷವೆಂಬ ದೊಡ್ಡ ಹೆಸರಿನಿಂದ ಹಲಗೆಯ ಮೇಲೆ ಬರೆಯುತ್ತೇವೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ವರ್ನಿಯರ್ ಕೈಗೆ ಬಂದಾಗ ಮರೆಯುತ್ತಾರೆ. ಜಗದೀಶಚಂದ್ರ ಬೋಸರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮಿಲಿಮೀಟರುಗಳಲ್ಲಿ ಅಳೆಯುವಷ್ಟು ಕಿರಿದಾದ ವಿದ್ಯುತ್ತರಂಗಗಳ ಪ್ರಯೋಗಗಳನ್ನು ನಡೆಸಿದಾಗ, ಅವರಿಗೆ ಉಪಕರಣಗಳನ್ನು ಮಾಡಿಕೊಡಲು ನೆರವಾದವನು ಒಬ್ಬ ತಗಡಿನ ಕೆಲಸದವನು. ಅವನ ಕೈಗೆ ಏನು ಸಾಧ್ಯವೆಂಬುದನ್ನು ಬೋಸರು ಬಲ್ಲವರಾಗಿದ್ದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ ಬಡಗಿತನ, ವಿದ್ಯುತ್ತಿನ ಕೆಲಸ, ಕುಂಬಾರಿಕೆ ಮುಂತಾದವುಗಳ ಪರಿಚಯವಾಗಲೆಂದಿದೆ. ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಕಸುಬುದಾರರೊಡನೆ ಕಳೆಯಲೆಂದೂ ಹೇಳಿದೆ. ಸಂತೋಷವೇ. ಆದರೆ ಹತ್ತು ದಿನಗಳಲ್ಲಿ ಉಜ್ಜುಗೊರಡನ್ನು ನೇರವಾಗಿ ಹಿಡಿಯುವುದೂ ಬಾರದು. ನಾವು ಕೇಳುವುದು ಇಷ್ಟು: 8ರಿಂದ 10ನೆಯ ತರಗತಿಯವರೆಗೆ, ಹುಡುಗರಿಗೂ ಹುಡುಗಿಯರಿಗೂ, ವಾರಕ್ಕೆ ಎರಡು ಗಂಟೆ ಒಂದೇ ಕಸುಬು, ಅದಕ್ಕೆ ವಿಜ್ಞಾನದಷ್ಟೇ ಅಂಕಗಳು, ಕಲಿಸಲು ಊರಿನ ಬಡಗಿಯೇ ಬರಲಿ, ಅವನಿಗೆ ಉಪಾಧ್ಯಾಯರ ಸಂಬಳವೂ ಕುರ್ಚಿಯೂ ಇರಲಿ. ಪದವಿ ಇಲ್ಲವೆಂಬ ಆಕ್ಷೇಪಣೆ ಬರುವುದು ಖಂಡಿತ. ಆ ಆಕ್ಷೇಪಣೆಯನ್ನೆತ್ತುವವರು ಮೊದಲು ಒಂದು ಹಲಗೆಯನ್ನು ನೇರವಾಗಿ ಕೊಯ್ದು ತೋರಿಸಲಿ.

ಅದು ಆಗುವವರೆಗೆ ಕಾಯಬೇಕಾಗಿಲ್ಲ. ಈ ರಜೆಯಲ್ಲಿ 60 ಸೆಂಟಿಮೀಟರಿನ ಒಂದು ಹಲಗೆಯನ್ನು ಸಂಪಾದಿಸಿ, ತಿಳಿದವರನ್ನು ಪಕ್ಕದಲ್ಲಿಟ್ಟುಕೊಂಡು ಆರು ತುಂಡುಗಳಾಗಿ ಕೊಯ್ಯಿರಿ. ಆರೂ ತುಂಡುಗಳ ಉದ್ದವನ್ನು ಕೂಡಿಸಿ, 60ರಿಂದ ಕಳೆದು, ಐದರಿಂದ ಭಾಗಿಸಿರಿ. ಬಂದುದು ನಿಮ್ಮ ಗರಗಸದ ಕೊಯ್ತದ ಅಗಲ. ಎಷ್ಟು ಬಂದಿತೆಂದು ಸಂಪಾದಕರಿಗೆ ಬರೆದು ತಿಳಿಸಿದರೆ ನಾವೂ ನೋಡುತ್ತೇವೆ.