ಗಪ್ಪಿ ಹೆತ್ತರೆ ಹೊಣೆ ಯಾರದು?

ಮಕ್ಕಳ ಹಟಕ್ಕೆ ಸೋತು ಮನೆಗೆ ಗಪ್ಪಿ ಮೀನು ತರುವ ನಮ್ಮ ಬ್ಯಾರಿ ತಂದೆ-ತಾಯಂದಿರಿಗೆ ಒಂದು ಮಾತು ನೇರವಾಗಿ ಹೇಳಬೇಕು. 20-30 ರೂಪಾಯಿ ಕೊಟ್ಟು ನೀವು ತರುವುದು ಒಂದು ಜೋಡಿ ಮೀನನ್ನಷ್ಟೇ ಅಲ್ಲ. ಅಂಗಡಿಯ ತೊಟ್ಟಿಯಲ್ಲಿ ಗಂಡು-ಹೆಣ್ಣು ಒಟ್ಟಿಗೇ ಇರುತ್ತವೆ. ಆದ್ದರಿಂದ ಬೆಳೆದ ಹೆಣ್ಣು ಗಪ್ಪಿ ತಂದರೆ ಅದು ಆಗಲೇ ಬಸುರಿ ಎಂದು ಲೆಕ್ಕ ಹಾಕಿಕೊಳ್ಳಿ. ಒಮ್ಮೆ ಗಂಡಿನೊಂದಿಗೆ ಕೂಡಿದ ಹೆಣ್ಣು ಆ ಬೀಜವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಉಳಿಸಿಕೊಂಡು, ಮತ್ತೆ ಗಂಡನ್ನು ನೋಡದೆಯೇ ಹಲವು ಸಲ ಹೆರಬಲ್ಲದು. ಅಂದರೆ ಮೀನಿನ ಜೊತೆ ಒಂದು ಬಾಣಂತನವನ್ನೂ ಮನೆಗೆ ತಂದಿರಿ ಎಂದೇ ಅರ್ಥ.

ನಾನು ಬಂಟ್ವಾಳ ಕಡೆಯವಳು. ಯಜಮಾನರ ಏಲಕ್ಕಿ ವ್ಯಾಪಾರದಿಂದಾಗಿ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂನಲ್ಲಿ ಮನೆ ಮಾಡಿದ್ದೇವೆ. ನಾದಿನಿಯ ಸಂಸಾರ ದಿಂಡಿಗಲ್‌ನಲ್ಲಿದೆ. ಈ ಎರಡು ಊರುಗಳಲ್ಲಿ, ರಜೆಗೆ ಹೋದಾಗ ಊರಿನ ಮನೆಗಳಲ್ಲಿ, ನಾನು ಮತ್ತೆ ಮತ್ತೆ ಕಾಣುವುದು ಒಂದೇ ಸಂಗತಿ. ಮೀನು ಬಸುರಿಯಾದಾಗ ಮನೆಯಲ್ಲಿ ಹಬ್ಬ. ಮರಿ ಹುಟ್ಟಿದಾಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ. ಎರಡು ತಿಂಗಳು ಕಳೆದ ಮೇಲೆ ಒಂದು ಬಕೆಟ್, ಹತ್ತಿರದ ಒಂದು ಕಾಲುವೆ. ನನ್ನ ತಕರಾರು ಇರುವುದು ಇಲ್ಲಿಯೇ.

ಮೊದಲು ಆ ಬ್ರೀಡಿಂಗ್ ಬಾಕ್ಸ್ ವಿಷಯ ತೆಗೆದುಕೊಳ್ಳೋಣ. ಗಪ್ಪಿಯ ಬಸಿರು ಸಾಮಾನ್ಯವಾಗಿ 21ರಿಂದ 30 ದಿನ. ದಿನ ತುಂಬುತ್ತಾ ಬಂದಂತೆ ಹೊಟ್ಟೆ ಉಬ್ಬಿ ಚೌಕಾಕಾರವಾಗುತ್ತದೆ, ಬಾಲದ ಕಡೆಗಿರುವ ಕಪ್ಪು ಚುಕ್ಕೆ ದೊಡ್ಡದಾಗುತ್ತದೆ. ಇದನ್ನು ಕಂಡ ಕೂಡಲೇ ನಮ್ಮವರು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ತಂದು ತಾಯಿಮೀನನ್ನು ಬಲೆಯಲ್ಲಿ ಹಿಡಿದು ಅದರೊಳಗೆ ಹಾಕುತ್ತಾರೆ. ಅಡಗಲು ಜಾಗವಿಲ್ಲ, ತಿರುಗಲು ಜಾಗವಿಲ್ಲ. ಅದು ಗೋಡೆಗೆ ಮೂತಿ ಬಡಿಯುತ್ತದೆ, ಆಹಾರ ಬಿಡುತ್ತದೆ. ಗಾಬರಿಯಲ್ಲಿ ದಿನ ತುಂಬುವ ಮೊದಲೇ ಹೆತ್ತುಬಿಡುವುದುಂಟು, ಹೆರಲಾಗದೆ ಸಾಯುವುದೂ ಉಂಟು. ನಾವು ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು ನೋವು ಶುರುವಾದ ಮೇಲಲ್ಲ. ಹೆತ್ತ ಮೇಲೆ 40 ದಿನ ಅವಳನ್ನು ಕದಲಿಸುವುದಿಲ್ಲ. ಅಷ್ಟು ತಿಳಿದವರು ತುಂಬು ಬಸುರಿ ಜೀವವೊಂದನ್ನು ಕಡೇ ಗಳಿಗೆಯಲ್ಲಿ ಡಬ್ಬಿಗೆ ತುರುಕಬಹುದೇ?

"ಡಬ್ಬಿ ಇಲ್ಲದಿದ್ದರೆ ತಾಯಿಯೇ ಮರಿಗಳನ್ನು ತಿನ್ನುತ್ತದಲ್ಲ?" ಎಂದು ಕೇಳುವವರಿದ್ದಾರೆ. ಹೌದು, ತಿನ್ನುತ್ತದೆ. ಗಪ್ಪಿಗೆ ಮರಿ ಸಾಕುವ ಗುಣವಿಲ್ಲ, ಬಾಯಿಗೆ ಹಿಡಿಸುವಂಥದ್ದು ಏನು ಚಲಿಸಿದರೂ ಅದಕ್ಕೆ ಆಹಾರವೇ. ಆದರೆ ಅದಕ್ಕೆ ಪರಿಹಾರ ಗಿಡ. ಜಾವಾ ಮಾಸ್, ಹಾರ್ನ್‌ವರ್ಟ್, ನೀರಿನ ಮೇಲೆ ತೇಲುವ ಯಾವುದಾದರೂ ಸೊಪ್ಪು ದಟ್ಟವಾಗಿ ಹಾಕಿದರೆ ಮರಿಗಳು ಹುಟ್ಟಿದ ಕ್ಷಣವೇ ಈಜಿ ಅದರೊಳಗೆ ಅಡಗುತ್ತವೆ. ತಾಯಿಗೆ ಹೊಟ್ಟೆ ತುಂಬ ಉಣಿಸಿದರೆ ಅದು ಬೆನ್ನಟ್ಟುವುದೂ ಕಡಿಮೆ. ಬೇರೆ ತೊಟ್ಟಿಯೇ ಬೇಕೆಂದಿದ್ದರೆ ಹೆರಿಗೆಗೆ ಒಂದು ವಾರ ಮೊದಲೇ, ಅದೇ ನೀರು ತುಂಬಿ ಗಿಡ ಹಾಕಿದ ತೊಟ್ಟಿಗೆ ಸಾಗಿಸಿ. ಡಬ್ಬಿ ಕೊಂಡಾಗಿದೆಯೇ? ಅದನ್ನು ಮೊದಲ ಕೆಲವು ದಿನ ಮರಿಗಳಿಗೆ ಬಳಸಿ, ತಾಯಿಗೆ ಬೇಡ.

ಮತ್ತೂ ಒಂದು ಮಾತು ಹೇಳುತ್ತೇನೆ, ಹಲವರಿಗೆ ಹಿಡಿಸಲಿಕ್ಕಿಲ್ಲ. ಕೆಲವು ಮರಿಗಳನ್ನು ತಾಯಿ ತಿಂದರೆ ತಿನ್ನಲಿ. ಒಂದು ಸೂಲಿಗೆ 20ರಿಂದ 50 ಮರಿ, ತಿಂಗಳಿಗೊಂದು ಸೂಲು. ಒಂದೊಂದನ್ನೂ ಉಳಿಸಿದರೆ ಎಲ್ಲಿ ಇಡುತ್ತೀರಿ? ಡಬ್ಬಿಯಿಂದ 40 ಮರಿ ಉಳಿಸಿದೆವು ಎಂದು ಹೆಮ್ಮೆಪಟ್ಟ ಮನೆಯೇ ಕೊನೆಗೆ ಆ 40ನ್ನೂ ಕಾಲುವೆಗೆ ಸುರಿಯುತ್ತದೆ. ಸಾಕಲು ಆಗುವಷ್ಟನ್ನು ಮಾತ್ರ ಉಳಿಸಿ, ಉಳಿಸಿದ್ದನ್ನು ಸರಿಯಾಗಿ ಸಾಕಿ.

ಸರಿಯಾಗಿ ಸಾಕುವುದೆಂದರೆ ಮೊದಲು ನೀರು. ನಮ್ಮ ಕಂಬಂ ಕಣಿವೆಗೆ ಬರುವುದು ಮುಲ್ಲಪೆರಿಯಾರ್ ನೀರು. 1895ರಲ್ಲಿ ಮುಗಿದ ಆ ಅಣೆಕಟ್ಟಿನಿಂದ ಗುಡ್ಡ ಕೊರೆದ ಸುರಂಗದ ಮೂಲಕ ಇಳಿದು ಬರುವ ಮಳೆಕಾಡಿನ ಮೆದು ನೀರು. ದಿಂಡಿಗಲ್‌ನ ಬೋರ್‌ವೆಲ್ ನೀರು ಗಡಸು, ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುವಂಥದ್ದು. ಅಲ್ಲಿ ಮನೆಮನೆಯಲ್ಲೂ ಆರ್‌ಒ ಯಂತ್ರ. "ನಾವು ಕುಡಿಯುವ ಶುದ್ಧ ನೀರನ್ನೇ ಮೀನಿಗೂ ಹಾಕುತ್ತೇವೆ" ಎಂದು ಪ್ರೀತಿಯಿಂದ ಹೇಳುತ್ತಾರೆ. ಆ ಪ್ರೀತಿ ಮೀನಿಗೆ ಮಾರಕ. ಗಪ್ಪಿಗೆ ಸ್ವಲ್ಪ ಗಡಸು ನೀರೇ ಹಿತ, ಖನಿಜವನ್ನೆಲ್ಲ ತೆಗೆದ ಆರ್‌ಒ ನೀರಿನಲ್ಲಿ ಅದು ಸೊರಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಇಲ್ಲವೇ ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಬಳಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ. ಎಲ್ಲ ನೀರನ್ನೂ ಚೆಲ್ಲಿ ಸೋಪು ಹಾಕಿ ತೊಳೆಯುವವರು ದಯವಿಟ್ಟು ನಿಲ್ಲಿಸಿ, ಮೀನಿನ ಕೊಳೆಯನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಅದರೊಂದಿಗೇ ಹೋಗುತ್ತದೆ.

ನಾವು ಮನೆಮಾತಿನಲ್ಲಿ ಮೀನ್ ಕುಂಞಿ ಎನ್ನುವ ಈ ಮರಿಗಳು ಹುಟ್ಟುವಾಗ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಸಾಮಾನ್ಯ ಫಿಲ್ಟರ್ ಅವನ್ನು ಎಳೆದುಕೊಂಡುಬಿಡುತ್ತದೆ, ಸ್ಪಾಂಜ್ ಫಿಲ್ಟರ್ ಬೇಕು. ದಿನಕ್ಕೆ 3-4 ಸಲ, ಬೆರಳಲ್ಲಿ ಹಿಟ್ಟಿನಂತೆ ಪುಡಿ ಮಾಡಿದ ಆಹಾರ ಚಿಟಿಕೆಯಷ್ಟು ಸಾಕು. ಬೇಯಿಸಿದ ಮೊಟ್ಟೆಯ ಹಳದಿ ಕೊಡಬಹುದು, ಆದರೆ ಸಾಸಿವೆಯಷ್ಟು ಹೆಚ್ಚಾದರೂ ನೀರು ಕೆಡುತ್ತದೆ. ನಾಲ್ಕೈದು ವಾರಕ್ಕೆ ಗಂಡುಮರಿಗಳ ಹೊಟ್ಟೆಯ ಕೆಳಗಿನ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ. ಆಗಲೇ ಗಂಡು-ಹೆಣ್ಣು ಬೇರೆ ಮಾಡಬೇಕು. ತಡ ಮಾಡಿದರೆ ಒಡಹುಟ್ಟಿದವುಗಳಲ್ಲೇ ಮತ್ತೆ ಬಸಿರು.

ಇನ್ನು ಕಾಲುವೆ. "ಸೊಳ್ಳೆಮರಿ ತಿನ್ನುತ್ತದೆ, ಸರ್ಕಾರದವರೇ ಗಪ್ಪಿ ಬಿಡುತ್ತಾರೆ, ನಾವು ಬಿಟ್ಟರೇನು?" ಎನ್ನುತ್ತಾರೆ. ಆರೋಗ್ಯ ಇಲಾಖೆಯವರು ಬಾವಿಗೋ ತೊಟ್ಟಿಗೋ ಬಿಡುವುದು ಬೇರೆ, ಹರಿಯುವ ನೀರಿಗೆ ನಾವು ಬಕೆಟ್ ಸುರಿಯುವುದು ಬೇರೆ. ಗಪ್ಪಿ ಈ ನೆಲದ ಮೀನಲ್ಲ, ದಕ್ಷಿಣ ಅಮೆರಿಕದ ಉತ್ತರ ಭಾಗದ್ದು. 1860ರ ದಶಕದಲ್ಲಿ ಟ್ರಿನಿಡಾಡ್‌ನಿಂದ ಅದರ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಎಂಬವರ ಹೆಸರೇ ಅದಕ್ಕೆ ಉಳಿದಿದೆ. ಒಂದೇ ಬಸುರಿ ಹೆಣ್ಣು ಸಾಕು, ಹೊಸ ನೀರಿನಲ್ಲಿ ಸಂತತಿ ಬೆಳೆಯಲು. ಕಂಬಂ ಕಾಲುವೆಯ ನೀರು ನಿಲ್ಲುವುದು ನಮ್ಮ ಬೀದಿಯ ತುದಿಯಲ್ಲಲ್ಲ, ಅದು ವೈಗೈ ಅಣೆಕಟ್ಟಿನವರೆಗೆ ಹೋಗುತ್ತದೆ. ಆ ನೀರಿನ ಸಣ್ಣ ಮೀನುಗಳ ಆಹಾರಕ್ಕೂ ಮೊಟ್ಟೆಗೂ ನಾವು ಪೈಪೋಟಿ ತಂದಿಟ್ಟಂತಾಗುತ್ತದೆ. ಸೊಳ್ಳೆಮರಿ ತಿನ್ನಲು ನಮ್ಮ ಹಳ್ಳ-ತೋಡುಗಳಲ್ಲಿ ತಲೆಯ ಮೇಲೆ ಬೆಳ್ಳಿ ಚುಕ್ಕೆಯ ಮೀನು ಮೊದಲಿನಿಂದಲೂ ಇದೆ, ಮಲಯಾಳದವರು ಮಾನತ್ತುಕಣ್ಣಿ ಎನ್ನುವುದು ಅದನ್ನೇ. ನೇತ್ರಾವತಿ ದಡದಲ್ಲಿರುವವರಿಗೂ ಇದೇ ಮಾತು.

"ಬಿಡುವುದು" ಎಂಬ ಪದವನ್ನು ನಾವು ಬಹಳ ಹಗುರಾಗಿ ಬಳಸುತ್ತೇವೆ. ಕಂಬಂನಲ್ಲಿ ಕನ್ನಡ ಮಾತಾಡುವ ಒಕ್ಕಲಿಗರಿದ್ದಾರೆ. ಅವರ ನಂದಗೋಪಾಲನ್ ತಂಬಿರಾನ್ ಮಾಟ್ಟು ತೊಳುವಿಗೆ ಜನ ಹರಕೆಯ ಕರುಗಳನ್ನು ಬಿಡುತ್ತಾರೆ. ಆದರೆ ಅಲ್ಲಿ ಕೊಟ್ಟಿಗೆ ಇದೆ, ಮೇಯಿಸುವವರಿದ್ದಾರೆ. ನೋಡುವವರಿರುವ ಕಡೆ ಬಿಟ್ಟರೆ ಅದು ಒಪ್ಪಿಸುವುದು. ಯಾರೂ ಇಲ್ಲದ ಕಡೆ ಬಿಟ್ಟರೆ ಅದು ಎಸೆಯುವುದು.

ಕೊನೆಗೆ ಬರುವುದು ನಗೆಯ ಪ್ರಶ್ನೆ. "ದಿನಾ ಬೂತಾಯಿ, ಬಂಗುಡೆ ತಿನ್ನುವವರು ನಾವು. ಇಷ್ಟು ಸಣ್ಣ ಮೀನಿಗೆ ಇಷ್ಟೊಂದು ಉಪದೇಶವೇ?" ನಾನೂ ತಿನ್ನುತ್ತೇನೆ, ಕಂಬಂನಲ್ಲಿ ಒಳ್ಳೆಯ ಬೂತಾಯಿ ಸಿಗದೆ ಊರನ್ನು ನೆನೆಯುತ್ತೇನೆ. ಆದರೆ ಕಡಲಿನ ಮೀನು ಕಡಲಿನಲ್ಲಿ ತನ್ನ ಪಾಡಿಗೆ ಬದುಕಿತ್ತು, ತಿನ್ನಲೆಂದು ಹಿಡಿದೆವು. ಗಾಜಿನೊಳಗಿನ ಮೀನಿಗೆ ತಿನ್ನುವ ಅನ್ನ, ಉಸಿರಾಡುವ ನೀರು ಎರಡೂ ನಮ್ಮ ಕೈಯಲ್ಲಿ. ಅದನ್ನು ಕೂಡಿಟ್ಟವರು ನಾವು, ಹೆರುವ ಹಾಗೆ ಮಾಡಿದವರೂ ನಾವು. ಬೇಸರ ಬಂದಾಗ ಬಕೆಟ್ ಎತ್ತುವುದನ್ನು ನೋಡುತ್ತಾ ನಿಂತ ಮಗುವಿಗೆ ನಾವು ಕಲಿಸುವುದೇನು?

ಆದ್ದರಿಂದ, ಬಣ್ಣದ ಮೀನು ನೋಡಿ ಖುಷಿಪಡುವುದಷ್ಟೇ ಬೇಕಾದರೆ ಗಂಡು ಗಪ್ಪಿಗಳನ್ನು ಮಾತ್ರ ತನ್ನಿ. ಬಣ್ಣದ ಬಾಲ ಇರುವುದೂ ಅವಕ್ಕೇ. ಹೆಣ್ಣು ತರುವುದಾದರೆ ಮೊದಲೇ ಕೇಳಿಕೊಳ್ಳಿ: ಗಿಡ ತುಂಬಿದ ತೊಟ್ಟಿ ಇದೆಯೇ, ಗಂಡು-ಹೆಣ್ಣು ಬೇರೆ ಇಡಲು ಇನ್ನೊಂದು ಇದೆಯೇ, ಹೆಚ್ಚಾದ ಮರಿಗಳನ್ನು ವಾಪಸ್ ಪಡೆಯಲು ಅಂಗಡಿಯವರು ಒಪ್ಪಿದ್ದಾರೆಯೇ, ಇಲ್ಲವೇ ಸಾಕಬಲ್ಲ ಇನ್ನೊಂದು ಮನೆ ಗೊತ್ತಿದೆಯೇ? ಇವುಗಳಲ್ಲಿ ಒಂದಕ್ಕೂ ಹೌದು ಎನ್ನಲಾಗದಿದ್ದರೆ ಮಗುವಿಗೆ "ಬೇಡ" ಎಂದುಬಿಡಿ. ಮಗು ಒಂದು ಸಂಜೆ ಅಳುತ್ತದೆ, ಅಷ್ಟೇ.