ಒಂದೇ ಋತು, ಮೂವರು ನಂಬರ್ ಒನ್

2024ರ ಅಮೆರಿಕನ್ ಫುಟ್‌ಬಾಲ್ ಋತುವಿನ ಲೀಗ್ ಪಂದ್ಯಗಳು ಮುಗಿದಾಗ ಅಲ್ಲಿನ 50 ಕ್ರೀಡಾ ಪತ್ರಕರ್ತರ ಮುಂದೆ ಎರಡು ಪ್ರಶ್ನೆಗಳಿದ್ದವು. ಈ ಋತುವಿನ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಯಾರು? ಈ ಋತುವಿನ ಅತಿ ಮೌಲ್ಯಯುತ ಆಟಗಾರ ಯಾರು? ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪ್ರತಿವರ್ಷ ನಡೆಸುವ ಮತದಾನ ಇದು. ಮೊದಲ ಪ್ರಶ್ನೆಗೆ 30 ಮಂದಿ ಬಾಲ್ಟಿಮೋರ್ ರೇವನ್ಸ್ ತಂಡದ ಲಮಾರ್ ಜಾಕ್ಸನ್ ಹೆಸರು ಬರೆದರು. ಬಫಲೊ ಬಿಲ್ಸ್ ತಂಡದ ಜಾಶ್ ಆ್ಯಲನ್‌ಗೆ 18 ಮತ ಬಂದವು. ಎರಡನೇ ಪ್ರಶ್ನೆಗೆ ಅದೇ 50 ಮಂದಿಯಲ್ಲಿ 27 ಜನ ಆ್ಯಲನ್‌ಗೆ ಮೊದಲ ಸ್ಥಾನ ಕೊಟ್ಟರು, 23 ಜನ ಜಾಕ್ಸನ್‌ಗೆ. ಆ್ಯಲನ್ ಪ್ರಶಸ್ತಿ ಗೆದ್ದರು.

ಇಬ್ಬರೂ ಆಡುವುದು ಒಂದೇ ಸ್ಥಾನದಲ್ಲಿ. ಮತ ಹಾಕಿದವರೂ ಅವರೇ, ನೋಡಿದ ಪಂದ್ಯಗಳೂ ಅವೇ. ಆದರೂ ‘ಅತ್ಯುತ್ತಮ’ ಒಬ್ಬರಾದರು, ‘ಮೌಲ್ಯಯುತ’ ಇನ್ನೊಬ್ಬರಾದರು. ಇಷ್ಟಕ್ಕೇ ಮುಗಿಯಲಿಲ್ಲ. ಆಟಗಾರರೇ ಮತ ಹಾಕಿ ಆರಿಸುವ ‘ಟಾಪ್ 100’ ಪಟ್ಟಿ ಮುಂದಿನ ಋತುವಿಗೆ ಮುನ್ನ ಬಂದಾಗ ಮೊದಲ ಸ್ಥಾನದಲ್ಲಿ ಇವರಿಬ್ಬರೂ ಇರಲಿಲ್ಲ. ಅಲ್ಲಿದ್ದದ್ದು ಫಿಲಡೆಲ್ಫಿಯಾ ಈಗಲ್ಸ್ ತಂಡದ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ.

ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ನನಗೆ ಈ ಆಟದ ಹುಚ್ಚು ಹಿಡಿದು ಮೂರು ವರ್ಷವಾಯಿತು. ಪಂದ್ಯಗಳಷ್ಟೇ ಆಸಕ್ತಿಯಿಂದ ನಾನು ನೋಡುವುದು ಋತುವಿನ ಕೊನೆಯ ಈ ಪಟ್ಟಿಗಳನ್ನು. ರ್‍ಯಾಂಕ್, ಕಟ್‌ಆಫ್, ಮೆರಿಟ್ ಲಿಸ್ಟ್‌ಗಳ ನಡುವೆಯೇ ಬೆಳೆದ ನಮ್ಮಂಥವರು ಈ ಪಟ್ಟಿಗಳಿಂದ ಕಲಿಯುವುದು ಬಹಳ ಇದೆ ಎನ್ನುವುದು ನನ್ನ ಅಭಿಪ್ರಾಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎನ್‌ಎಫ್‌ಎಲ್ ಎನ್ನುವುದು ಅಮೆರಿಕದ ವೃತ್ತಿಪರ ಲೀಗ್. 32 ತಂಡಗಳಿವೆ, ಪ್ರತಿ ತಂಡಕ್ಕೆ 17 ಲೀಗ್ ಪಂದ್ಯಗಳು. ಮೈದಾನದಲ್ಲಿ ಒಂದು ಸಲಕ್ಕೆ 11 ಜನ. ಆದರೆ ದಾಳಿ ಮಾಡುವ 11 ಜನ ಬೇರೆ, ತಡೆಯುವ 11 ಜನ ಬೇರೆ. ಚೆಂಡನ್ನು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗುವವನು ರನ್ನಿಂಗ್ ಬ್ಯಾಕ್. ದೂರ ಓಡಿ ಎಸೆತ ಹಿಡಿಯುವವನು ರಿಸೀವರ್. ಇವರಿಗೆಲ್ಲ ದಾರಿ ಮಾಡಿಕೊಡುತ್ತ, ಮೈಮೇಲೆ ಬೀಳುವ ಎದುರಾಳಿಗಳನ್ನು ತಡೆದು ನಿಲ್ಲಿಸುವವರು ಐದು ಮಂದಿ ಲೈನ್‌ಮನ್‌ಗಳು. ಕ್ರಿಕೆಟ್‌ನಲ್ಲಿ ಬೌಲರ್ ಕೂಡ ಒಮ್ಮೆ ಬ್ಯಾಟ್ ಹಿಡಿಯುತ್ತಾನೆ. ಇಲ್ಲಿ ಒಬ್ಬನ ಕೆಲಸ ಇನ್ನೊಬ್ಬ ಮಾಡುವುದೇ ಅಪರೂಪ. ಇಂಥವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ 1, 2, 3 ಎಂದು ಎಣಿಸುವುದು ಹೇಗೆ?

ಮೊದಲು ಅಂಕಿಗಳನ್ನೇ ನೋಡೋಣ. ಜಾಕ್ಸನ್ ಆ ಋತುವಿನಲ್ಲಿ ಎಸೆತಗಳಿಂದ 4,172 ಗಜ ಗಳಿಸಿದರು. 41 ಟಚ್‌ಡೌನ್‌ಗೆ ಚೆಂಡು ಎಸೆದರು, ಎದುರಾಳಿಯ ಕೈಗೆ ಸಿಕ್ಕ ಎಸೆತ ಕೇವಲ 4. ಜೊತೆಗೆ ತಾವೇ ಓಡಿ 915 ಗಜ ಸೇರಿಸಿದರು. ಒಂದೇ ಋತುವಿನಲ್ಲಿ 4,000 ಗಜ ಎಸೆದು 900 ಗಜ ಓಡಿದ ಆಟಗಾರ ಅದಕ್ಕೆ ಮೊದಲು ಯಾರೂ ಇರಲಿಲ್ಲ. ಆ್ಯಲನ್ ಎಸೆದದ್ದು 3,731 ಗಜ, 28 ಟಚ್‌ಡೌನ್. ಓಡಿ ಗಳಿಸಿದ ಟಚ್‌ಡೌನ್ 12. ಕಾಗದದ ಮೇಲೆ ಜಾಕ್ಸನ್ ಮುಂದೆ ಇದ್ದಾರೆ, ಅದರಲ್ಲಿ ಅನುಮಾನವಿಲ್ಲ.

ಆದರೆ ಆ್ಯಲನ್ ಪರವಾಗಿ ಮತ ಹಾಕಿದವರ ವಾದವನ್ನೂ ಕೇಳಬೇಕು. ಋತು ಶುರುವಾಗುವ ಮುಂಚೆಯೇ ಬಿಲ್ಸ್ ತಂಡ ತನ್ನ ಪ್ರಮುಖ ರಿಸೀವರ್ ಸ್ಟೆಫಾನ್ ಡಿಗ್ಸ್ ಅವರನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿತ್ತು. ಆದರೂ ತಂಡ 13 ಪಂದ್ಯ ಗೆದ್ದಿತು. ಜಾಕ್ಸನ್ ಪಕ್ಕದಲ್ಲಿ 1,921 ಗಜ ಓಡಿದ ಡೆರಿಕ್ ಹೆನ್ರಿ ಇದ್ದರು. ಆ ತಂಡ 12 ಪಂದ್ಯ ಗೆದ್ದಿತು. ‘ಈ ಮನುಷ್ಯನನ್ನು ತೆಗೆದರೆ ತಂಡದ ಗತಿಯೇನು?’ ಎಂದು ಕೇಳಿಕೊಂಡರೆ ಉತ್ತರ ಆ್ಯಲನ್ ಕಡೆಗೆ ವಾಲುತ್ತದೆ. ‘ಯಾರು ಹೆಚ್ಚು ಚೆನ್ನಾಗಿ ಆಡಿದರು?’ ಎಂದರೆ ಜಾಕ್ಸನ್ ಕಡೆಗೆ. ಆ ಪತ್ರಕರ್ತರ ಎರಡು ಉತ್ತರಗಳು ಬೇರೆ ಬೇರೆಯಾದದ್ದರಲ್ಲಿ ವಿರೋಧಾಭಾಸವಿಲ್ಲ. ಪ್ರಶ್ನೆಯೇ ಬೇರೆಯಾಗಿತ್ತು.

ತಂಡ ಸೋತರೆ ಒಳ್ಳೆಯ ಆಟಕ್ಕೂ ಬೆಲೆ ಕಡಿಮೆಯಾಗುತ್ತದೆ. ಸಿನ್ಸಿನಾಟಿ ಬೆಂಗಾಲ್ಸ್‌ನ ಜೋ ಬರೋ ಆ ವರ್ಷ 4,918 ಗಜ, 43 ಟಚ್‌ಡೌನ್ ಎಸೆದು ಎರಡರಲ್ಲೂ ಇಡೀ ಲೀಗ್‌ಗೆ ಮೊದಲಿಗರಾದರು. ತಂಡ ಮಾತ್ರ 9 ಗೆದ್ದು 8 ಸೋತು ಪ್ಲೇಆಫ್‌ನಿಂದ ಹೊರಗುಳಿಯಿತು. ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಮತದಾನದಲ್ಲಿ ಅವರಿಗೆ ಸಿಕ್ಕಿದ್ದು 2 ಮತ.

ಇನ್ನು ಬಾರ್ಕ್ಲಿ. 16 ಪಂದ್ಯಗಳಲ್ಲಿ 2,005 ಗಜ ಓಡಿದ್ದರು. 1984ರಲ್ಲಿ ಎರಿಕ್ ಡಿಕರ್ಸನ್ ಮಾಡಿದ್ದ 2,105 ಗಜಗಳ ದಾಖಲೆ ಮುರಿಯಲು ಇನ್ನು 101 ಗಜ ಸಾಕಿತ್ತು, ಒಂದು ಪಂದ್ಯ ಬಾಕಿ ಇತ್ತು. ಆದರೆ ಅಂಕಪಟ್ಟಿಯಲ್ಲಿ ತಂಡದ ಸ್ಥಾನ ಆಗಲೇ ನಿಗದಿಯಾಗಿದ್ದರಿಂದ ಅವರನ್ನು ಕೊನೆಯ ಪಂದ್ಯದಲ್ಲಿ ಕೂರಿಸಲಾಯಿತು. 40 ವರ್ಷದ ದಾಖಲೆ ಉಳಿಯಿತು. ದಣಿಯದ ಬಾರ್ಕ್ಲಿ ಪ್ಲೇಆಫ್‌ನಲ್ಲಿ ಮತ್ತೆ 499 ಗಜ ಓಡಿದರು. 2025ರ ಫೆಬ್ರುವರಿ 9ರಂದು ಈಗಲ್ಸ್ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ 40-22ರಿಂದ ಸೂಪರ್ ಬೌಲ್ ಗೆದ್ದಿತು. ಪತ್ರಕರ್ತರ ಮತದಾನ ಪ್ಲೇಆಫ್‌ಗೆ ಮುನ್ನವೇ ಮುಗಿದಿರುತ್ತದೆ. ಆಟಗಾರರ ‘ಟಾಪ್ 100’ ಬರುವ ಹೊತ್ತಿಗೆ ಕಪ್ ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಯಾವಾಗ ಕೇಳುತ್ತೇವೆ ಎನ್ನುವುದೂ ರ್‍ಯಾಂಕನ್ನು ಬದಲಿಸುತ್ತದೆ.

ನನ್ನ ತಕರಾರು ಇರುವುದು ಪಟ್ಟಿಗೆ ಸೇರಲೂ ಆಗದವರ ಬಗ್ಗೆ. ಬಾರ್ಕ್ಲಿ ಓಡಿದ ದಾರಿ ತಾನಾಗಿ ತೆರೆದುಕೊಳ್ಳಲಿಲ್ಲ. ಎಡಭಾಗದಲ್ಲಿ ನಿಂತು ದಾರಿ ಬಿಡಿಸುತ್ತಿದ್ದವರಲ್ಲಿ ಜೋರ್ಡನ್ ಮೈಲಾಟಾ ಒಬ್ಬರು. ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡುತ್ತಿದ್ದ ಹುಡುಗ. 2018ರಲ್ಲಿ ಈಗಲ್ಸ್ ಆರಿಸಿಕೊಳ್ಳುವವರೆಗೆ ಒಂದೂ ಅಮೆರಿಕನ್ ಫುಟ್‌ಬಾಲ್ ಪಂದ್ಯ ಆಡಿರಲಿಲ್ಲ. ಇಂಥ ಲೈನ್‌ಮನ್ ಗಜ ಗಳಿಸುವುದಿಲ್ಲ, ಟಚ್‌ಡೌನ್ ಹೊಡೆಯುವುದಿಲ್ಲ. ತಪ್ಪಿದಾಗ ಮಾತ್ರ ಟಿ.ವಿ.ಯಲ್ಲಿ ಅವನ ಹೆಸರು ಕೇಳಿಸುತ್ತದೆ. ಅಸೋಸಿಯೇಟೆಡ್ ಪ್ರೆಸ್‌ನ ಮೌಲ್ಯಯುತ ಆಟಗಾರ ಪ್ರಶಸ್ತಿ 1982ರಲ್ಲಿ ಮಾರ್ಕ್ ಮೋಸ್ಲಿ ಎಂಬ ಕಿಕರ್‌ಗೂ ಸಿಕ್ಕಿದೆ, ದಾಳಿ ಸಾಲಿನ ಲೈನ್‌ಮನ್ ಒಬ್ಬನಿಗೂ ಇದುವರೆಗೆ ಸಿಕ್ಕಿಲ್ಲ. 2012ರಲ್ಲಿ ರನ್ನಿಂಗ್ ಬ್ಯಾಕ್ ಏಡ್ರಿಯನ್ ಪೀಟರ್ಸನ್ ಗೆದ್ದ ಮೇಲೆ ಆ ಪ್ರಶಸ್ತಿ ಕ್ವಾರ್ಟರ್‌ಬ್ಯಾಕ್‌ಗಳ ಮನೆ ಬಿಟ್ಟು ಹೊರಬಂದಿಲ್ಲ.

ಎಣಿಕೆಗೆ ಸಿಗದ ಕೆಲಸವನ್ನೂ ಗುರುತಿಸಬಹುದು ಎನ್ನುವುದಕ್ಕೆ ಅದೇ ಋತುವಿನಲ್ಲಿ ಉದಾಹರಣೆ ಇದೆ. ತಡೆಯುವವರ ಪೈಕಿ ವರ್ಷದ ಆಟಗಾರ ಎಂಬ ಗೌರವ ಡೆನ್ವರ್ ಬ್ರಾಂಕೋಸ್‌ನ ಪ್ಯಾಟ್ರಿಕ್ ಸರ್ಟೇನ್ ಅವರಿಗೆ ಹೋಯಿತು. ಎದುರಾಳಿಯ ಅತ್ಯುತ್ತಮ ರಿಸೀವರ್‌ನ ಬೆನ್ನು ಬಿಡದೆ ಕಾಯುವುದು ಅವರ ಕೆಲಸ. ಅವರು ಎಷ್ಟು ಚೆನ್ನಾಗಿ ಕಾದರೆಂದರೆ ಕ್ವಾರ್ಟರ್‌ಬ್ಯಾಕ್‌ಗಳು ಆ ಕಡೆ ಚೆಂಡು ಎಸೆಯಲೇ ಹಿಂಜರಿದರು. ಚೆಂಡೇ ಬರದಿದ್ದರೆ ಅಂಕಿ ಎಲ್ಲಿಂದ ಬರಬೇಕು? ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವುವ ಲೆಕ್ಕದಲ್ಲಿ 17.5 ಸ್ಯಾಕ್‌ಗಳೊಂದಿಗೆ ಲೀಗ್‌ಗೇ ಮೊದಲಿಗರಾಗಿದ್ದ ಟ್ರೇ ಹೆಂಡ್ರಿಕ್ಸನ್ ಅವರನ್ನು ಬಿಟ್ಟು ಪತ್ರಕರ್ತರು ಸರ್ಟೇನ್ ಅವರನ್ನು ಆರಿಸಿದರು. ಕಣ್ಣಿಟ್ಟು ನೋಡಿದವರಿಗೆ ಖಾಲಿ ಕಾಲಂ ಕೂಡ ಏನನ್ನೋ ಹೇಳಿತು.

‘ಇದೆಲ್ಲ ಅಭಿಮಾನಿಗಳ ಹರಟೆ, ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ?’ ಎಂದು ನನ್ನ ಗೆಳೆಯರು ಕೇಳುತ್ತಾರೆ. ಹರಟೆ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಇದರ ಹಿಂದೆ ಸಂಬಳ ಇದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದ ಯುವ ಆಟಗಾರನಿಗೆ ಐದನೇ ವರ್ಷ ಎಷ್ಟು ಸಂಬಳ ಎಂಬುದನ್ನು ನಿರ್ಧರಿಸುವ ಅಂಶಗಳಲ್ಲಿ ಆತ ಎಷ್ಟು ಸಲ ‘ಪ್ರೊ ಬೌಲ್’ಗೆ ಆಯ್ಕೆಯಾದ ಎಂಬುದೂ ಒಂದು. ಆ ಆಯ್ಕೆಯಲ್ಲಿ ಮೂರನೇ ಒಂದು ಪಾಲು ಅಭಿಮಾನಿಗಳ ಮತ. ಅಂದರೆ ಜನಪ್ರಿಯತೆ ನೇರವಾಗಿ ಸಂಬಳದ ಚೀಟಿಗೆ ಬರುತ್ತದೆ. ಆಡುವ ಸ್ಥಾನಕ್ಕೂ ದರ ಬೇರೆ ಬೇರೆ. 2025ರ ಮಾರ್ಚ್‌ನಲ್ಲಿ ಆ್ಯಲನ್‌ಗೆ ಆರು ವರ್ಷಕ್ಕೆ 33 ಕೋಟಿ ಡಾಲರ್ ಒಪ್ಪಂದವಾಯಿತು. ಅದೇ ತಿಂಗಳು ಬಾರ್ಕ್ಲಿ ಒಪ್ಪಂದಕ್ಕೆ ಎರಡು ವರ್ಷ ಸೇರಿತು, ಮೊತ್ತ 4.12 ಕೋಟಿ ಡಾಲರ್. ರನ್ನಿಂಗ್ ಬ್ಯಾಕ್ ಒಬ್ಬನಿಗೆ ವರ್ಷಕ್ಕೆ ಸರಾಸರಿ 2 ಕೋಟಿ ಡಾಲರ್ ದಾಟಿದ್ದು ಅದೇ ಮೊದಲು. ಆದರೂ ಅದು ಆ್ಯಲನ್ ವಾರ್ಷಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ.

ಹಾಗಾದರೆ ಪಟ್ಟಿ ಮಾಡುವುದೇ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ಹೋಲಿಸದೆ ಆಯ್ಕೆ ಸಾಧ್ಯವಿಲ್ಲ. ಆದರೆ ಪಟ್ಟಿಯ ತಲೆಯ ಮೇಲೆ ಅಳತೆಗೋಲು ಏನು ಎಂದು ಬರೆದಿರಬೇಕು. ನನ್ನ ಪಟ್ಟಿಗೆ ನನ್ನ ಅಳತೆಗೋಲು ಇದು: ಲೀಗ್ ಪಂದ್ಯಗಳು ಮಾತ್ರ, ತಂಡದ ಸೋಲು-ಗೆಲುವು ಲೆಕ್ಕಕ್ಕಿಲ್ಲ, ತನ್ನ ಸ್ಥಾನದ ಉಳಿದ ಆಟಗಾರರಿಗಿಂತ ಎಷ್ಟು ಮುಂದಿದ್ದಾನೆ ಎನ್ನುವುದೇ ಮುಖ್ಯ. ಅದರ ಪ್ರಕಾರ 2024ರ ಋತುವಿಗೆ ಮೊದಲನೆಯವರು ಲಮಾರ್ ಜಾಕ್ಸನ್. ಎರಡನೆಯವರು ಬಾರ್ಕ್ಲಿ. ಮೂರನೆಯವರು ಬೆಂಗಾಲ್ಸ್ ರಿಸೀವರ್ ಜಮಾರ್ ಚೇಸ್. 127 ಎಸೆತ ಹಿಡಿದು, 1,708 ಗಜ, 17 ಟಚ್‌ಡೌನ್ ಗಳಿಸಿ ಮೂರರಲ್ಲೂ ಮೊದಲಿಗರಾದವರು. ಸೂಪರ್ ಬೌಲ್ ಯುಗದಲ್ಲಿ ಹೀಗೆ ಮಾಡಿದವರಲ್ಲಿ ಅವರು ಐದನೆಯವರು. ನಾಲ್ಕನೆಯವರು ಸರ್ಟೇನ್, ಐದನೆಯವರು ಆ್ಯಲನ್. ಲೈನ್‌ಮನ್‌ಗಳಿಗೆ ನಾನು ಪ್ರತ್ಯೇಕ ಪಟ್ಟಿ ಮಾಡುತ್ತೇನೆ, ಅದರ ತುದಿಯಲ್ಲಿ ಡೆಟ್ರಾಯಿಟ್ ಲಯನ್ಸ್‌ನ ಪೆನೈ ಸೂವೆಲ್ ಇರುತ್ತಾರೆ. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು, 564 ಅಂಕ ಗಳಿಸಿದ ತಂಡ ಅದು. ಅಳತೆಗೋಲನ್ನು ‘ಯಾರಿಲ್ಲದೆ ತಂಡ ನಿಲ್ಲುವುದಿಲ್ಲ’ ಎಂದು ಬದಲಿಸಿದರೆ ನಾನೂ ಆ್ಯಲನ್ ಹೆಸರನ್ನೇ ಮೊದಲು ಬರೆಯುತ್ತೇನೆ.

ಇದೇ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಹಳೆಯ ಪಟ್ಟಿಗಳು ಹೇಗೆ ಅಳೆದಿದ್ದವು ಎಂಬುದನ್ನೂ ಹೇಳಬೇಕು. ಹೈಸ್ಕೂಲ್ ಮುಗಿಸಿದಾಗ ಆ್ಯಲನ್‌ರನ್ನು ಯಾವ ದೊಡ್ಡ ಕಾಲೇಜೂ ಕರೆಯಲಿಲ್ಲ. ಕ್ಯಾಲಿಫೋರ್ನಿಯಾದ ರೀಡ್ಲಿ ಎಂಬ ಜೂನಿಯರ್ ಕಾಲೇಜಿನಲ್ಲಿ ಆಡುತ್ತ, ದೇಶದ ಕೋಚ್‌ಗಳಿಗೆಲ್ಲ ಇ-ಮೇಲ್ ಕಳಿಸಿದರು. ಕೊನೆಗೆ ಕೈಹಿಡಿದದ್ದು ವಯೋಮಿಂಗ್ ವಿಶ್ವವಿದ್ಯಾಲಯ. 2018ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಜಾಕ್ಸನ್ 32ನೆಯವರು, ಮೊದಲ ಸುತ್ತಿನ ಕಟ್ಟಕಡೆಯವರು. ಅವರಿಗಿಂತ ಮೊದಲು ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. ‘ನೀನು ರಿಸೀವರ್ ಆಗಿಬಿಡು’ ಎಂಬ ಸಲಹೆಯೂ ಬಂದಿತ್ತು. ಅಂದು ಕ್ವಾರ್ಟರ್‌ಬ್ಯಾಕ್ ಹೀಗಿರಬೇಕು ಎಂಬ ಒಂದು ಅಚ್ಚು ಇತ್ತು, ಓಡುವ ಕ್ವಾರ್ಟರ್‌ಬ್ಯಾಕ್ ಆ ಅಚ್ಚಿಗೆ ಹೊಂದಲಿಲ್ಲ.

ಗೆಳೆಯರೇ, ಇದನ್ನು ಹೇಳಿ ‘ರ್‍ಯಾಂಕ್‌ಗೆ ಅರ್ಥವಿಲ್ಲ’ ಎಂದು ಸಮಾಧಾನ ಮಾಡುವ ಉದ್ದೇಶ ನನಗಿಲ್ಲ. ಆ್ಯಲನ್‌ಗೆ ಇ-ಮೇಲ್ ಕಳಿಸುವ ಕಷ್ಟ ತಪ್ಪಲಿಲ್ಲ, ನಮಗೂ ಕಟ್‌ಆಫ್ ತಪ್ಪುವುದಿಲ್ಲ. ಆದರೆ ಯಾವುದೇ ಪಟ್ಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳುವ ಅಭ್ಯಾಸ ನಮಗಿರಲಿ. ಏನನ್ನು ಎಣಿಸಿದ್ದಾರೆ? ಏನನ್ನು ಎಣಿಸಲು ಆಗಿಲ್ಲ? ಯಾರು, ಯಾವಾಗ ಎಣಿಸಿದ್ದಾರೆ? ಕೆಳಗೆ ನಮ್ಮ ಹೆಸರಿದ್ದರೆ ಈ ಪ್ರಶ್ನೆಗಳಿಂದ ಮುಂದೆ ಎಲ್ಲಿ ದುಡಿಯಬೇಕು ಎಂಬುದು ತಿಳಿಯುತ್ತದೆ. ಮೇಲೆ ನಮ್ಮ ಹೆಸರಿದ್ದರೆ, ದಾರಿ ಬಿಡಿಸಿಕೊಟ್ಟ ಆ ಐದು ಮಂದಿ ಯಾರು ಎಂದು ಒಮ್ಮೆ ತಿರುಗಿ ನೋಡಲು ನೆನಪಾಗುತ್ತದೆ.