ಕೌಂಟ್‌ಡೌನ್ ಮುಗಿದ ಮೇಲೆ ಏನು?

2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ–3ರ ಲ್ಯಾಂಡರ್ ಚಂದ್ರನ ಮೇಲೆ ಇಳಿದಾಗ ಇಸ್ರೊದ ಯೂಟ್ಯೂಬ್ ನೇರಪ್ರಸಾರವನ್ನು ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡುತ್ತಿದ್ದರು. ಆ ದಿನವೇ ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಆದರೆ ನಮ್ಮ ಬೊಮ್ಮನಹಳ್ಳಿಯ ಪಿ.ಜಿ.ಗಳಲ್ಲಿ ತುಂಬಿಕೊಂಡಿರುವ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಬಾಹ್ಯಾಕಾಶ ಎಂದರೆ ಇವತ್ತಿಗೂ ಮೊಬೈಲ್ ಪರದೆಯ ಮೇಲಿನ ಒಂದು ಕೌಂಟ್‌ಡೌನ್. ಚಪ್ಪಾಳೆ, ವಾಟ್ಸ್‌ಆ್ಯಪ್ ಸ್ಟೇಟಸ್, ಮುಗಿಯಿತು.

ಇದು ವಿಚಿತ್ರ. ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಪೀಣ್ಯದ ಶೆಡ್‌ಗಳಲ್ಲಿ. ಚಂದ್ರಯಾನಕ್ಕೆ ಕಿವಿಗೊಟ್ಟ 32 ಮೀಟರ್ ಅಗಲದ ಆ್ಯಂಟೆನಾ ಇರುವುದು ಮೈಸೂರು ರಸ್ತೆ ಕಡೆಯ ಬ್ಯಾಲಾಳಿನಲ್ಲಿ. ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ–ಎಲ್1ರ ಮುಖ್ಯ ಉಪಕರಣವನ್ನು ರೂಪಿಸಿದ ಭಾರತೀಯ ಖಭೌತ ಸಂಸ್ಥೆ ಕೋರಮಂಗಲದಲ್ಲಿ, ಅಂದರೆ ನಮ್ಮ ಪಕ್ಕದಲ್ಲೇ ಇದೆ. ಇಷ್ಟಿದ್ದೂ ಇದರ ಬಗ್ಗೆ ನಾಲ್ಕು ಜನ ಸೇರಿ ಮಾತನಾಡಬೇಕೆಂದರೆ ನಮಗೆ ನೆನಪಾಗುವುದು ಹೈಗ್ರೌಂಡ್ಸ್‌ನ ಜವಾಹರಲಾಲ್ ನೆಹರೂ ತಾರಾಲಯ ಒಂದೇ. ಹಳದಿ ಮಾರ್ಗ ಬಂದ ಮೇಲೆ ಅಲ್ಲಿಗೆ ಹೋಗುವುದು ಸುಲಭವಾಗಿದೆ, ನಿಜ. ಆದರೆ ಇಷ್ಟು ದೊಡ್ಡ ಊರಿಗೆ ಒಂದು ತಾರಾಲಯ ಎಷ್ಟು ಜನರನ್ನು ತಾನೇ ಕೂರಿಸಿಕೊಂಡೀತು?

ಜನ ಸೇರಿಸುವುದು ಹೇಗೆಂದು ಕಾಲೇಜುಗಳಿಗೆ ಗೊತ್ತಿಲ್ಲ ಎನ್ನುವಂತಿಲ್ಲ. ಫೆಸ್ಟ್‌ನ ಕೊನೆಯ ರಾತ್ರಿ ಬ್ಯಾಂಡ್ ಬಂದರೆ ಮೈದಾನ ಸಾಲುವುದಿಲ್ಲ. ಅದೇ ಫೆಸ್ಟ್‌ನಲ್ಲಿ ಸ್ಪೇಸ್ ಕ್ಲಬ್‌ಗೆ ಸಿಗುವುದು ಮೂರನೇ ಮಹಡಿಯ ಕ್ಲಾಸ್‌ರೂಮು, ಒಂದು ಕ್ವಿಜ್, ಭಾಗವಹಿಸಿದ್ದಕ್ಕೆ ಸರ್ಟಿಫಿಕೇಟು. ಇವೆರಡನ್ನೂ ಒಂದೇ ವೇದಿಕೆಗೆ ತರಬಾರದೇಕೆ ಎಂಬುದು ನನ್ನ ಪ್ರಶ್ನೆ.

ಸಂಗೀತಕ್ಕೂ ಬಾಹ್ಯಾಕಾಶಕ್ಕೂ ಇರುವ ನಂಟು ನಾವು ಕಟ್ಟಿದ್ದಲ್ಲ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ತಟ್ಟೆಯಿದೆ. ಅದರಲ್ಲಿ ಸುಮಾರು 90 ನಿಮಿಷಗಳ ಸಂಗೀತ. ಬಾಖ್, ಬೀಥೋವನ್ ಜೊತೆಗೆ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡದ್ದೂ ಒಂದು. ವಾಯೇಜರ್–1 ಈಗ 2,400 ಕೋಟಿ ಕಿಲೊಮೀಟರ್‌ಗೂ ಆಚೆ ಹೋಗಿದೆ. ಅಷ್ಟು ದೂರಕ್ಕೆ ಕನ್ನಡ ಮುಟ್ಟಿದೆ, ಬೆಂಗಳೂರಿನ ಸ್ಪೇಸ್ ಕಾರ್ಯಕ್ರಮಗಳ ನಿರೂಪಣೆಗೆ ಮಾತ್ರ ಇನ್ನೂ ಸರಿಯಾಗಿ ಮುಟ್ಟಿಲ್ಲ!

ಈಚೆಗೆ ಈ ನಂಟು ಇನ್ನೊಂದು ದಿಕ್ಕಿಗೆ ತಿರುಗಿದೆ. ದೂರದರ್ಶಕದ ದತ್ತಾಂಶವನ್ನೇ ಸದ್ದಾಗಿ ಬದಲಿಸುವ ‘ಸೋನಿಫಿಕೇಷನ್’ ಬಂದಿದೆ. ಪರ್ಸಿಯಸ್ ಗೆಲಾಕ್ಸಿ ಗುಂಪಿನ ಕಪ್ಪುಕುಳಿಯ ಸುತ್ತಲಿನ ಅನಿಲದಲ್ಲಿ ಏಳುವ ಅಲೆಗಳು ನಮ್ಮ ಕಿವಿಗೆ ನಿಲುಕದಷ್ಟು ಮಂದ್ರ. ನಾಸಾ ಅದನ್ನು 57–58 ಆಕ್ಟೇವ್‌ಗಳಷ್ಟು ಮೇಲಕ್ಕೇರಿಸಿ 2022ರಲ್ಲಿ ಕೇಳಿಸಿತು. ಇದು ಬರೀ ತಮಾಷೆಯಲ್ಲ. ದೃಷ್ಟಿ ಕಳೆದುಕೊಂಡ ಖಗೋಳ ವಿಜ್ಞಾನಿ ವಾಂಡಾ ಡಿಯಾಸ್ ಮರ್ಸೆಡ್ ದತ್ತಾಂಶವನ್ನು ಕಿವಿಯಿಂದಲೇ ಓದುತ್ತಾ ಸಂಶೋಧನೆ ಮಾಡಿದವರು.

ನಮಗೂ ಇದು ಕೈಗೆಟುಕದ ವಿಷಯವಲ್ಲ. ಆದಿತ್ಯ–ಎಲ್1ರ ದತ್ತಾಂಶವನ್ನು ಇಸ್ರೊದ ‘ಪ್ರದಾನ್’ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಉಚಿತವಾಗಿ ಇಳಿಸಿಕೊಳ್ಳಬಹುದು. ಸೂರ್ಯನಿಂದ ಬರುವ ಎಕ್ಸ್‌ರೇ ಸೆಕೆಂಡಿಗೆಷ್ಟು ಎಂಬ ಅಂಕಿಗಳನ್ನು ಮೋಹನ ರಾಗದ ಐದು ಸ್ವರಗಳಿಗೆ ಹೊಂದಿಸಿ ಎಂದಿಟ್ಟುಕೊಳ್ಳಿ: ಅಂಕಿ ಏರಿದರೆ ಸ್ವರವೂ ಏರಬೇಕು. ಪೈಥಾನ್ ಬಂದರೆ ಒಂದು ವಾರಾಂತ್ಯದ ಕೆಲಸ. ಸೌರಜ್ವಾಲೆ ಎದ್ದಾಗ ಎಕ್ಸ್‌ರೇ ಸರ್ರನೆ ಏರಿ ನಿಧಾನವಾಗಿ ಇಳಿಯುತ್ತದೆ. ಗ್ರಾಫ್‌ನಲ್ಲಿ ಇದನ್ನು ಕಾಣಲು ಕಣ್ಣು ಪಳಗಿರಬೇಕು. ಚುರುಕಾದ ಆರೋಹಣ, ಎಳೆದೆಳೆದು ಬರುವ ಅವರೋಹಣವಾಗಿ ಕೇಳಿಸಿದರೆ ಭೌತಶಾಸ್ತ್ರ ಓದದ ಬಿ.ಕಾಂ. ಗೆಳತಿಗೂ ತಕ್ಷಣ ಗೊತ್ತಾಗುತ್ತದೆ.

ಇದರಿಂದ ಏನು ಉಪಯೋಗ ಎಂದು ಕೆಲಸ ಹುಡುಕುತ್ತಿರುವ ಸೀನಿಯರ್‌ಗಳು ಕೇಳುತ್ತಾರೆ. ಕೇಳಲೇಬೇಕು. 2020ರಲ್ಲಿ ಬಾಹ್ಯಾಕಾಶ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡಿತು. ಪಿಕ್ಸೆಲ್, ದಿಗಂತರ, ಬೆಲ್ಲಾಟ್ರಿಕ್ಸ್‌ನಂಥ ಕಂಪನಿಗಳು ನಮ್ಮ ಊರಲ್ಲೇ ಇವೆ. ಇಂಥ ಕಡೆ ಅರ್ಜಿ ಹಾಕುವಾಗ ‘ಸ್ಪೇಸ್ ಕ್ಲಬ್ ಸದಸ್ಯ’ ಎಂಬ ಒಂದು ಸಾಲಿಗಿಂತ, ನಿಜವಾದ ಉಪಗ್ರಹದ ದತ್ತಾಂಶ ಇಳಿಸಿ, ಅದರಲ್ಲಿನ ಗದ್ದಲ ತೆಗೆದು, ಜನರ ಮುಂದೆ ನುಡಿಸಿದೆ ಎನ್ನುವುದು ಹೆಚ್ಚು ತೂಗುತ್ತದೆ ಎಂದು ನನ್ನ ಲೆಕ್ಕಾಚಾರ. ಅದಕ್ಕಿಂತ ಮುಖ್ಯವಾಗಿ, ಇಂಥ ಕಾರ್ಯಕ್ರಮದಲ್ಲೇ ನಮ್ಮಂಥವರಿಗೆ ವಿಜ್ಞಾನಿಯೊಬ್ಬರು ಎದುರಾ ಎದುರು ಸಿಗುವುದು. ಅಪ್ಪ ಅಮ್ಮನಿಗೆ ಪರಿಚಯಸ್ಥರಿರುವ ಮಕ್ಕಳಿಗೆ ಇಂಟರ್ನ್‌ಶಿಪ್ ಫೋನಿನಲ್ಲೇ ಆಗಿಬಿಡುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮಂದಿರ ಮಕ್ಕಳಿಗೆ ಬೇಕಿರುವುದು ತೆರೆದ ಬಾಗಿಲಿನ ಒಂದು ಸಭಾಂಗಣ. ಬಿಬಿಎಂಪಿ ಕಾಲದ ಮೈದಾನವಾದರೂ ಆದೀತು, ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ ಆಗಿಬರುವ ಸೌಂಡ್ ಸಿಸ್ಟಮ್ ಇದಕ್ಕೂ ಧಾರಾಳ ಸಾಕು.

ಮುಂದಿನ ಆಗಸ್ಟ್ 23ಕ್ಕೆ ನಮ್ಮ ಕ್ಲಬ್‌ನ ಆರು ಮಂದಿ ಇದನ್ನೇ ಮಾಡಲು ಹೊರಟಿದ್ದೇವೆ. ಕನ್ನಡದಲ್ಲಿ ನಿರೂಪಣೆ, ಪ್ರವೇಶ ಉಚಿತ. ಮೃದಂಗ ನುಡಿಸುವ ಜೂನಿಯರ್ ಒಬ್ಬಳು ಒಪ್ಪಿದ್ದಾಳೆ. ಆಡಿಟೋರಿಯಂಗೆ ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.